ಎಂಟು ಬಂದೂಕು, ಏಳು ಬೋಲ್ಟು

೨೦೦೯ರ ನವೆಂಬರ್ ೧, ಭಾನುವಾರ, ಬೆಳಿಗ್ಗೆ ೧೧.೪೦. ಕಡಲತೀರದ ಪೋರ್ಟ್ ಕಿಂಟೈರ್ ಊರಿನ ಪೊಲೀಸ್ ಠಾಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಬಂದ ಲಾಕ್ಲನ್ ಗಿಲ್ಲಿಸ್, ಉದ್ದನೆಯ ಚೀಲದ ಜಿಪ್ಪು ಎಳೆದು ಒಂದು ಬಂದೂಕನ್ನು ಕಾನ್‌ಸ್ಟೇಬಲ್ ಎಟಿಯೆನ್ ಓಕ್ವಾನನ ಮೇಜಿನ ಮೇಲೆ ಮಲಗಿಸಿದ. ಆಮೇಲೆ, ತನ್ನ ಬಂದೂಕು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದ.

“ಇದ್ಯಾರ್ದು?”

“ನಂದು.”

“ಕಳುವಾಗಿರೋದು?”

“ಇದೇ.”

ಓಕ್ವಾನ್ ಪೆನ್ನಿಗೆ ಮುಚ್ಚಳ ಹಾಕಿದ. “ಏನ್ ಲಾಕಿ, ಇವತ್ತು ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ?”

“ನಿಮ್ಮ ಶೆಟಿಕ್ಯಾಂಪ್ ಊರಿನವ್ರಿಗೆ ಏಡಿ ಹಿಡಿಯೋದು ಬಿಟ್ರೆ ಬೇರೆ ಏನೂ ತಿಳಿಯಲ್ಲ. ನಿಮ್ಮ ಸಾರ್ಜೆಂಟ್‌ನ ಕರಿಯಪ್ಪಾ.”

ಸಾರ್ಜೆಂಟ್ ಮೊರಾಗ್ ಬೀಟನ್ ಚಹಾದ ಲೋಟ ಹಿಡಿದು ಹೊರಬಂದಳು. ನಲವತ್ತೊಂಬತ್ತರ ಹೆಂಗಸು, ಅದೇ ಕರಾವಳಿಯವಳು. ಮೇಜಿನ ಮೇಲಿದ್ದುದನ್ನು ಒಮ್ಮೆ ನೋಡಿದ್ದೇ ತಡ, “ಬೋಲ್ಟ್ ಎಲ್ಲೋ?” ಎಂದಳು.

“ಅದನ್ನೇ ಆಗ್ಲಿಂದ ಬಡ್ಕೋತಿದೀನಿ ಕಣಮ್ಮ!”

ಬೋಲ್ಟ್ ಎಂದರೆ ಗುಂಡನ್ನು ನಳಿಕೆಯೊಳಗೆ ತಳ್ಳಿ ಹಿಂದಿನಿಂದ ಬಾಯಿ ಮುಚ್ಚುವ ಉಕ್ಕಿನ ತುಂಡು. ಗೇಣುದ್ದ, ಒಂದು ಹಿಡಿಕೆ. ಅದಿಲ್ಲದಿದ್ದರೆ ಬಂದೂಕಿಗೂ ದನ ಕಾಯುವ ಕೋಲಿಗೂ ವ್ಯತ್ಯಾಸವಿಲ್ಲ. ಈ ಬಂದೂಕು ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್. ಯುದ್ಧ ಮುಗಿದ ಮೇಲೆ ಸೇನೆ ಇಂಥವನ್ನು ಅಗ್ಗಕ್ಕೆ ಮಾರಿದಾಗ ಆ ಕಡೆಯ ಜನ ಕೊಂಡು, ಮುಂದಿನ ಮರ ಕೊಯ್ದು ಗಿಡ್ಡ ಮಾಡಿ ಜಿಂಕೆ ಹೊಡೆಯಲು ಬಳಸಿದರು. ಈಗ ಆ ಕೊಯ್ದದ್ದಕ್ಕೆ ಮತ್ತೆ ಮರ ಕೂಡಿಸಿ, ಹಳೆಯ ಸಿಪಾಯಿಯ ರೂಪಕ್ಕೆ ತರುವ ಕಸುಬುದಾರರಿದ್ದಾರೆ. ಅಂಥ ಒಬ್ಬನಿಂದ, ನಿವೃತ್ತ ಬಡಗಿ ಮೇಷ್ಟ್ರು ಫಿನ್ಲೆ ರ‍್ಯಾಂಕಿನ್‌ನಿಂದ, ಲಾಕ್ಲನ್ ಇದನ್ನು ಎಂಟು ದಿನದ ಹಿಂದೆ ಒಂಬೈನೂರು ಡಾಲರಿಗೆ ಕೊಂಡಿದ್ದ. ತನಗಾಗಿ ಅಲ್ಲ. ಅವನಪ್ಪ ಡೂಗಲ್‌ಗೆ ಎಂಬತ್ತೆಂಟು, ವೃದ್ಧಾಶ್ರಮದಲ್ಲಿದ್ದಾನೆ, ಯುದ್ಧದಲ್ಲಿ ಹೊತ್ತದ್ದು ಇದೇ ಜಾತಿಯ ಬಂದೂಕು. ಸಾಯುವ ಮುಂಚೆ ಇನ್ನೊಂದೇ ಒಂದು ಗುಂಡು ಹಾರಿಸಬೇಕು ಎನ್ನುವುದು ಮುದುಕನ ಹಟ. ಬರುವ ಶನಿವಾರ, ಏಳನೇ ತಾರೀಕು, ಊರಿನ ಬಂದೂಕು ಕ್ಲಬ್ಬಿನಲ್ಲಿ ಹುತಾತ್ಮರ ವಾರದ ಗುರಿ ಪಂದ್ಯ. ಮುಂದಿನ ವರ್ಷದ ಪಂದ್ಯಕ್ಕೆ ಅವನಿರುತ್ತಾನೆಂದು ಡಾಕ್ಟರು ಹೇಳುವುದಿಲ್ಲ.

“ಇವತ್ತು ನಾನು ಹತ್ತು ಗುಂಡು ಹೊಡ್ದು ನೋಡ್ದೆ,” ಎಂದ ಲಾಕ್ಲನ್. “ಹೆಗಲಿಗೆ ಕತ್ತೆ ಒದ್ದ ಹಾಗೆ ಒದೀತು, ಆದ್ರೆ ಏನ್ ಗುರಿ ಅಂತೀಯಾ! ಗುರಿಹಲಗೆ ನೋಡ್ಕೊಂಡು ಬರೋಣ ಅಂತ ಹೋದೆ. ವಾಪಸ್ ಬಂದ್ರೆ ಬೋಲ್ಟೇ ಇಲ್ಲ. ಅಪ್ಪಂಗೆ ಏನಂತ ಹೇಳ್ಲಿ?”

೧೨.೦೫ಕ್ಕೆ ದೂರು ದಾಖಲಾಯಿತು. ಕಳುವಾದ ವಸ್ತು: ಬೋಲ್ಟ್ ಒಂದು. ಬೆಲೆ: ಸುಮಾರು ಎಂಬತ್ತು ಡಾಲರ್. ಬಂದೂಕನ್ನು ಬಿಟ್ಟು ಬೋಲ್ಟನ್ನು ಕದಿಯುವವನು ಎಂಥವನು ಎಂದು ಓಕ್ವಾನ್ ಕೇಳಿದ. ಕುದುರೆ ಬಿಟ್ಟು ಲಾಳ ಕದ್ದವನಂಥವನು ಎಂದಳು ಮೊರಾಗ್. 

೧.೧೫ಕ್ಕೆ ಕ್ಲಬ್ಬಿನ ಮೈದಾನದಲ್ಲಿ ಪಂಚನಾಮೆ ನಡೆಯಿತು. ಸಮುದ್ರದ ಗಾಳಿ ಕಿವಿ ಕೊಯ್ಯುತ್ತಿತ್ತು. ಒಂದು ತಗಡಿನ ಮಾಡು, ಅದರಡಿ ಎಂಟು ಬೆಂಚು, ಇನ್ನೂರು ಮೀಟರ್ ಆಚೆ ಗುರಿಹಲಗೆಗಳು. ಕ್ಲಬ್ಬಿನ ಕಟ್ಟಳೆ ದೇವಸ್ಥಾನದ್ದಕ್ಕಿಂತ ಬಿಗಿ. ಒಂದು ಸುತ್ತು ಮುಗಿದಾಗ ಕೊಂಬು ಊದುತ್ತಾರೆ. ಎಲ್ಲರೂ ಬೋಲ್ಟ್ ಬಿಚ್ಚಿ ಹಿಂದಿನ ಮೇಜಿನ ಹಳದಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಮೈದಾನದ ಅಧಿಕಾರಿ ಎಣಿಸಿ ದಾಖಲೆ ಪುಸ್ತಕದಲ್ಲಿ ಬರೆದ ಮೇಲಷ್ಟೇ ಗುರಿಹಲಗೆಯತ್ತ ಹೆಜ್ಜೆ ಇಡಬಹುದು. ಅವರು ಅಲ್ಲಿರುವಾಗ ಬಂದೂಕುಗಳ ಹತ್ತಿರ ಯಾರೂ ಸುಳಿಯುವಂತಿಲ್ಲ.

ಆ ಅಧಿಕಾರಿ ಹೆಕ್ಟರ್ ಮೆಕ್‌ಈಕರ್ನ್. ವಯಸ್ಸು ಅರವತ್ತೆರಡು, ಚಳಿಗಾಲದಲ್ಲಿ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಮೈದಾನದ ಕೆಂಪು ಬಾವುಟ ಅವನ ಕೈಯಲ್ಲಿದೆ. ಅಷ್ಟು ವರ್ಷದಲ್ಲಿ ಒಬ್ಬರ ಉಗುರೂ ಹಾರಿಲ್ಲ.

“ಎಂಟೂ ಜನ ಆ ಕಡೆ ಹೋದಾಗ ಈ ಕಡೆ ಯಾರ‍್ಯಾರಿದ್ರು?” ಮೊರಾಗ್ ಕೇಳಿದಳು.

“ನಾನು. ಮತ್ತೆ ಚಹಾದ ಗುಡಿಸಲಲ್ಲಿ ಫಿನ್ಲೆ. ತಾನು ಮಾರಿದ ಬಂದೂಕು ಹೆಂಗೆ ಹೊಡಿಯುತ್ತೆ ಅಂತ ನೋಡೋಕೆ ಬಂದಿದ್ದ, ಆಗ್ಲೇ ಮನೆಗೆ ಹೋದ.”

“ನೀವೇನೂ ನೋಡ್ಲಿಲ್ವಾ?”

“ನನ್ನ ಕಣ್ಣು ಮುಂದೆ ಹೋದವ್ರ ಮೇಲಿರ್ಬೇಕು ಮೊರಾಗ್. ಅದು ನಿಯಮ.”

ಅದು ನಿಜವೂ ಆಗಿತ್ತು. ಎಂಟು ಜನರ ಚೀಲ, ಜೇಬು, ಗಾಡಿಗಳನ್ನು ಓಕ್ವಾನ್ ಜಾಲಾಡಿದ. ಪ್ರತಿ ಚೀಲದ ಬಾಯನ್ನೂ ಹೆಕ್ಟರನೇ ಹಿಡಿದುಕೊಟ್ಟ. ಸಿಕ್ಕಿದ್ದು ಓಟ್ಸ್ ರೊಟ್ಟಿ, ಕೈಗವಸು, ಒಬ್ಬನ ಹೆಂಡತಿಗೆ ಗೊತ್ತಿಲ್ಲದ ಒಂದು ರಮ್ ಬಾಟಲಿ. ಹೆಕ್ಟರನನ್ನು ಯಾರೂ ತಡಕಲಿಲ್ಲ. ಚರ್ಚಿನಲ್ಲಿ ಕಳುವಾದರೆ ಪಾದ್ರಿಯ ಜೇಬನ್ನು ಯಾರು ನೋಡುತ್ತಾರೆ? ಓಕ್ವಾನ್ ದಾಖಲೆ ಪುಸ್ತಕದ ಪುಟವನ್ನು ನಕಲು ಮಾಡಿಸಿ, ಬಂದವರ ಹೆಸರುಗಳ ಕೆಳಗೆ ಗೆರೆ ಎಳೆದು ಕಡತಕ್ಕೆ ಸೇರಿಸಿದ.

ನವೆಂಬರ್ ೨, ಸೋಮವಾರ, ಬೆಳಿಗ್ಗೆ ೯.೩೦. ಫಿನ್ಲೆ ರ‍್ಯಾಂಕಿನ್‌ನ ಕಾರ್ಖಾನೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಅಗಸೆ ಎಣ್ಣೆಯ ವಾಸನೆ, ಗೋಡೆಗೆ ಒರಗಿದ ಕೊಯ್ದ ಬಂದೂಕುಗಳು. ಪೊಲೀಸರನ್ನು ಕಂಡವನೇ ಫಿನ್ಲೆ, ಯಾರೂ ಕೇಳುವ ಮುಂಚೆಯೇ, “ಆ ನಂಬರ್ ವಿಷ್ಯ ನಂಗೇನೂ ಗೊತ್ತಿಲ್ಲ,” ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ಯಾವ ನಂಬರ್ ಮೇಷ್ಟ್ರೇ?”

ಫಿನ್ಲೆ ಮರ ಉಜ್ಜುವ ಮರಳುಕಾಗದವನ್ನು ಮಡಚತೊಡಗಿದ.

“ಬೋಲ್ಟ್ ನೀವು ತಗೊಂಡ್ರಾ?”

“ಕದಿಯೋನಾಗಿದ್ರೆ ಮಾರ್ತಿದ್ನೇನಮ್ಮ?”

“ಮತ್ತೆ ಯಾಕಿಷ್ಟು ಬೆವರ್ತಿದೀರಿ? ಹೊರಗಡೆ ಹಿಮ ಬೀಳ್ತಾ ಇದೆ.”

ಅವನ ಬಾಯಿ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಸೇನೆಯ ಬಂದೂಕಿನಲ್ಲಿ ಒಡಲಿಗೊಂದು ಸಂಖ್ಯೆ ಇರುತ್ತದೆ, ಬೋಲ್ಟಿನ ಹಿಡಿಕೆಯ ಬುಡದಲ್ಲೂ ಅದೇ ಸಂಖ್ಯೆ. ಎರಡೂ ಒಂದೇ ಆಗಿದ್ದರೆ ಕೊಳ್ಳುವವರ ಕಣ್ಣು ಅರಳುತ್ತದೆ. ಫಿನ್ಲೆಗೆ ಈ ಬಂದೂಕು ಒಂದು ಹರಾಜಿನಲ್ಲಿ ಬೋಲ್ಟೇ ಇಲ್ಲದೆ ಸಿಕ್ಕಿತ್ತು. ಅವನು ಒಂಟಾರಿಯೋದಿಂದ ಬೇರೊಂದು ಬೋಲ್ಟ್ ಅಂಚೆಯಲ್ಲಿ ತರಿಸಿ, ಅಳತೆ ಕೂಡಿಸಿ, ಅದರ ಹಳೆಯ ಸಂಖ್ಯೆ ಉಜ್ಜಿಹಾಕಿ ಬಂದೂಕಿನ ೪೪೨೭ನ್ನೇ ಒತ್ತಿದ್ದ.

“ದುಡ್ಡಿಗಲ್ಲ,” ಎಂದ ಫಿನ್ಲೆ. ಮುಖ ಕೆಂಪಾಗಿತ್ತು. “ಅಷ್ಟು ಚೆನ್ನಾಗಿ ಮಾಡಿದ್ದೆ. ಬೇರೆ ನಂಬರ್ ಇದ್ರೆ, ಹೊಸ ಅಂಗಿಗೆ ಬೇರೆ ಬಣ್ಣದ ಗುಂಡಿ ಹಚ್ಚಿದ ಹಾಗೆ ಕಾಣ್ತಿತ್ತು. ಯಾರಿಗೇನು ನಷ್ಟ ಅನ್ಕೊಂಡೆ.”

“ನಿನ್ನೆ ಗುಡಿಸಲಿಂದ ಹೊರಗೆ ಬಂದಿದ್ರಾ?”

“ಇಲ್ಲ. ದೇವರಾಣೆ ಇಲ್ಲ. ಚಹಾ ಕುಡಿತಿದ್ದೆ.”

ಕೊಟ್ಟಿಗೆಯನ್ನೂ ಮನೆಯನ್ನೂ ಶೋಧಿಸಲಾಯಿತು. ಹನ್ನೊಂದು ಬೋಲ್ಟ್ ಸಿಕ್ಕವು, ಒಂದರ ಮೇಲೂ ೪೪೨೭ ಇರಲಿಲ್ಲ. ಗಾಡಿಯಲ್ಲಿ ಕೂತು ಓಕ್ವಾನ್, “ಇವ್ನೇ ಸಾರ್ಜೆಂಟ್. ಸುಳ್ಳು ನಂಬರ್ ಬಯಲಾಗುತ್ತೆ ಅಂತ ಎತ್ಕೊಂಡು ಸಮುದ್ರಕ್ಕೆ ಹಾಕಿದಾನೆ,” ಎಂದ. ಮೊರಾಗ್‌ಗೆ ಒಪ್ಪಿಗೆಯಾಗಲಿಲ್ಲ. ಬಯಲು ಮಾಡಿದ್ದು ಅವನೇ ಅಲ್ಲವೇ? 

ಮಂಗಳವಾರ ಬಂದೂಕು ನೋಂದಣಿ ಕಚೇರಿಯಿಂದ ಉತ್ತರ ಬಂತು. ೪೪೨೭ನೇ ಬಂದೂಕು ಫಿನ್ಲೆಗಿಂತ ಮುಂಚೆ ಯಾರ ಹೆಸರಲ್ಲೂ ದಾಖಲಾಗಿರಲಿಲ್ಲ. ಹರಾಜುದಾರನ ಚೀಟಿಯಲ್ಲಿ ಇಷ್ಟಿತ್ತು: ೨೦೦೭, ದಿವಂಗತ ಕೇಟಿ ಆ್ಯನ್ ಮೆಕ್‌ಈಕರ್ನ್ ಅವರ ಕಣಜದ ಹುಲ್ಲಟ್ಟದ ಸಾಮಾನು. ಇದರಿಂದ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆ ಜಿಲ್ಲೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬ ಮೆಕ್‌ಈಕರ್ನ್‌ಗೆ ತಾಗುತ್ತದೆ. ಅದೇ ವರ್ಷ ತೀರಿಕೊಂಡ ಕೇಟಿ ಆ್ಯನ್ ಮೆಕ್‌ಈಕರ್ನ್‌ಗಳೇ ಮೂವರಿದ್ದರು. ಎಂಟು ಸದಸ್ಯರಲ್ಲಿ ಇಬ್ಬರು ಆ ವಂಶದವರು. ಇಬ್ಬರನ್ನೂ ಕರೆಸಿ ಕೇಳಿದ್ದಾಯಿತು. ನಮ್ಮಜ್ಜಿ ಅಲ್ಲ, ನಮ್ಮತ್ತೆ ಅಲ್ಲ ಎಂದು ಹೋದರು. ಆ ಹೊತ್ತಿಗೆ ಕ್ಲಬ್ಬಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ರಮ್ ಬಾಟಲಿಯವನ ಮನೆಯಲ್ಲಂತೂ ಬೇರೆಯೇ ಯುದ್ಧ ನಡೆದಿತ್ತು.

ಬುಧವಾರ ಡೂಗಲ್ ಗಿಲ್ಲಿಸ್ ವೃದ್ಧಾಶ್ರಮದಿಂದ ಮೂರು ಸಲ ಫೋನ್ ಮಾಡಿದ. “ಬೋಲ್ಟ್ ಸಿಕ್ತಾ? ಇನ್ನು ಮೂರೇ ದಿನ.” ಮೂರನೆಯ ಸಲ ಮೊರಾಗ್‌ಗೆ, ಈ ಮುದುಕನನ್ನೇ ಕೇಳಬಹುದೆಂದು ತಾನೇಕೆ ಮೊದಲೇ ಯೋಚಿಸಲಿಲ್ಲ ಎನಿಸಿತು. ಆ ಕಡೆಯಲ್ಲಿ ಯಾರು ಯಾರೆಂದು ತಿಳಿಯಲು ಸರ್ಕಾರಿ ಕಾಗದ ಉಪಯೋಗಕ್ಕೆ ಬರುವುದಿಲ್ಲ. ಅಪ್ಪ, ಅಜ್ಜನ ಹೆಸರು ಪೋಣಿಸಿ ಹೇಳುವ ಮುದುಕರನ್ನೇ ಹಿಡಿಯಬೇಕು.

ನವೆಂಬರ್ ೫, ಗುರುವಾರ, ಬೆಳಿಗ್ಗೆ ೧೦.೨೦. ಡೂಗಲ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ. ಪದಕಗಳನ್ನು ಹೊಳಪು ಮಾಡಿ ಕರವಸ್ತ್ರದ ಮೇಲೆ ಹರಡಿದ್ದ.

“ನೀನು ಅಲೆಕ್‌ನ ರೋರಿಯ ಮಗಳಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ.”

“ಹೌದು ತಾತ. ಕೇಟಿ ಆ್ಯನ್ ಮೆಕ್‌ಈಕರ್ನ್ ಅಂತ, ಗುಡ್ಡದ ದಾರೀಲಿ ಕಣಜ ಇತ್ತಂತೆ. ಯಾರವ್ರು?”

“ಗುಡ್ಡದ ದಾರಿ ಅಂದ್ರೆ ಜಾನ್ ಡ್ಯಾನ್ ಹೆಂಡ್ತಿ. ಯಾಕೆ?”

“ಲಾಕಿ ಕೊಂಡಿರೋ ಬಂದೂಕು ಅವ್ರ ಹುಲ್ಲಟ್ಟದಲ್ಲಿತ್ತು.”

ಮುದುಕನ ಕೈ ಪದಕದ ಮೇಲೆಯೇ ನಿಂತಿತು.  

“ಅದಕ್ಕೆ ಬೋಲ್ಟ್ ಇರ್ಬಾರ್ದು ಮಗಳೇ,” ಎಂದ. “ಬೋಲ್ಟ್ ಸಮುದ್ರದಲ್ಲಿದೆ. ಅರವತ್ತೊಂದನೇ ಇಸವಿ, ಅಕ್ಟೋಬರ್. ಕೇಟಿ ಆ್ಯನ್ ನನ್ನ ದೋಣೀಲೇ ಬಂದ್ಲು. ಬೆಳಕು ಹರೀತಿತ್ತು, ಆಚೆ ಬಂಡೆ ದಾಟಿ ಹೋಗೋಣ ಅಂದ್ಲು. ಲಂಗದ ಜೇಬಿಂದ ತೆಗ್ದು ನೀರಿಗೆ ಬಿಟ್ಲು. ಬಂದೂಕನ್ನೂ ಎಸೆ ಅಂದೆ. ಅದು ಜಾನ್ ಡ್ಯಾನ್ ಕೊಂಡಿದ್ದು, ಅವ್ರು ಮರ ಕಡಿಯೋ ಕ್ಯಾಂಪಿಂದ ಬರ್ಲಿ, ಅವ್ರನ್ನ ಕೇಳ್ದೆ ಎಸೆಯಲ್ಲ ಅಂದ್ಲು. ಬಾಯಿ ಕಿತ್ತಾಯ್ತಲ್ಲ, ಇನ್ನು ಮಾತಾಡಲ್ಲ ಅಂದ್ಲು.”

“ಯಾಕೆ ತಾತ?”

“ಸಣ್ಣ ಮಗ ನೀಲ್, ಹನ್ನೆರಡು ವರ್ಷ. ದೊಡ್ಡವ್ನು ಬಂದೂಕು ಒರೆಸ್ತಾ ಇದ್ದ. ಖಾಲಿ ಅನ್ಕೊಂಡಿದ್ದ. ಎದುರುಗಡೆ ಇವ್ನು ನಿಂತಿದ್ದ.” ಡೂಗಲ್ ಕಿಟಕಿಯ ಕಡೆ ತಿರುಗಿದ. “ದೊಡ್ಡವ್ನನ್ನ ಪೇಟೆಗೆ, ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ರು. ಆ ಮಾತು ಯಾರೂ ಎತ್ತಲಿಲ್ಲ. ನನ್ನ ಮಗಂಗೂ ನಾನು ಹೇಳಿಲ್ಲ.”

“ದೊಡ್ಡವ್ನ ಹೆಸರೇನು?”

“ಹೆಕ್ಟರ್. ನಿಮ್ಮ ರಸ್ತೆ ಹಿಮ ಬಳಿಯೋನು.”

೧೧.೧೫ಕ್ಕೆ ಮೊರಾಗ್ ಠಾಣೆಗೆ ಮರಳಿ ಕಡತ ಬಿಚ್ಚಿದಳು. ದಾಖಲೆ ಪುಸ್ತಕದ ನಕಲು ಭಾನುವಾರದಿಂದ ಅಲ್ಲೇ ಇತ್ತು. ಇಬ್ಬರೂ ಹೆಸರುಗಳನ್ನು ನೋಡಿದ್ದರು, ಅಂಕಣಗಳನ್ನು ನೋಡಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಕಟ್ಟಳೆಯ ಪ್ರಕಾರ ಅಧಿಕಾರಿ ಎರಡು ಸಲ ಎಣಿಸಬೇಕು. ಜನ ಗುರಿಹಲಗೆಗೆ ಹೊರಡುವ ಮುಂಚೆ ಒಮ್ಮೆ, ಮರಳಿ ಬೆಂಚಿಗೆ ಬರುವ ಮುಂಚೆ ಇನ್ನೊಮ್ಮೆ. ಹೆಕ್ಟರನ ದುಂಡು ಅಕ್ಷರದಲ್ಲಿ ಹೀಗಿತ್ತು:

೧೦.೫೨. ಬಂದೂಕು ೮. ಬೋಲ್ಟ್ ೮.
೧೧.೦೩. ಬಂದೂಕು ೮. ಬೋಲ್ಟ್ ೭.

“ಲಾಕಿ ಕೂಗ್ಕೊಂಡಿದ್ದು ಎಷ್ಟೊತ್ತಿಗೆ?” ಮೊರಾಗ್ ಕೇಳಿದಳು.

ಓಕ್ವಾನ್ ಹೇಳಿಕೆ ತಿರುವಿದ. “ಹನ್ನೊಂದು ಎಂಟು.” ಆಮೇಲೆ ಅವನ ಬಾಯಿ ತೆರೆದೇ ಉಳಿಯಿತು. “ಐದು ನಿಮಿಷ ಮುಂಚೆನೇ ಏಳು ಅಂತ ಬರ್ದಿದಾನೆ! ಕದ್ದೋನು ಎಂಟು ಅಂತ ಬರ್ಕೋಬೇಕಿತ್ತಲ್ವಾ ಸಾರ್ಜೆಂಟ್? ಯಾರಿಗೆ ಗೊತ್ತಾಗ್ತಿತ್ತು?”

“ಆ ಪುಸ್ತಕದಲ್ಲಿ ಸುಳ್ಳು ಬರೆಯೋಕೆ ಅವ್ರ ಕೈ ಬಂದಿಲ್ಲ.”

ಬೇಲಿಯೇ ಎದ್ದು ಹೊಲ ಮೇಯ್ದದ್ದು ನಿಜ. ಆದರೆ ಮೇಯ್ದೆ ಎಂದು ತಾನೇ ಬರೆದಿಟ್ಟ ಬೇಲಿಯನ್ನು ಮೊರಾಗ್ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಓಕ್ವಾನನನ್ನು ಕರೆದುಕೊಂಡು ಅವಳು ಗಾಡಿ ಹತ್ತಿದಳು.

೧೧.೫೦, ಹೆಕ್ಟರನ ಮನೆ. ಅವನು ಅಲ್ಲಿ ಒಂಟಿಯಾಗಿದ್ದ. ಬಾಗಿಲು ತೆರೆದವನು ಏನೂ ಕೇಳದೆ ಅಡುಗೆಮನೆಗೆ ಕರೆದೊಯ್ದ. ಮೇಜಿನ ಮೇಲೆ ಅವನ ಊಟದ ಡಬ್ಬಿ, ಒಂದು ಭೂತಗನ್ನಡಿ, ಬಿಳಿ ಬಟ್ಟೆಯ ಮೇಲೆ ಬೋಲ್ಟ್. ಭಾನುವಾರ ಎಲ್ಲರ ಚೀಲ ಶೋಧಿಸುವಾಗ ಅದು ಆ ಡಬ್ಬಿಯಲ್ಲೇ ಇತ್ತು.

“ಎಷ್ಟು ನೋಡಿದ್ರೂ ಗೊತ್ತಾಗ್ತಿಲ್ಲ,” ಎಂದ ಹೆಕ್ಟರ್. ನಾಲ್ಕು ದಿನದಿಂದ ಮಲಗಿದವನ ಹಾಗೆ ಕಾಣುತ್ತಿರಲಿಲ್ಲ.

“ಏನು ಗೊತ್ತಾಗ್ಬೇಕು?”

“ಇದು ಅದೇನಾ ಅಂತ.” ಅವನು ಕುರ್ಚಿಯಲ್ಲಿ ಕುಸಿದ. “ಭಾನುವಾರ ನಂಬರ್ ಬರ‍್ಕೊಳೋಕೆ ಬಂದೂಕು ಕೈಗೆ ತಗೊಂಡೆ. ನಾಲ್ಕು ನಾಲ್ಕು ಎರಡು ಏಳು. ಮರ ಬೇರೆ, ಉದ್ದ ಬೇರೆ, ನಂಬರ್ ಮಾತ್ರ ಅದೇ. ಆಗ್ಲೂ ತಡ್ಕೊಂಡೆ. ಎಷ್ಟಂದ್ರೂ ಕಬ್ಬಿಣ ಅಂದ್ಕೊಂಡೆ. ಆಮೇಲೆ ಬೋಲ್ಟ್ ಎಣಿಸ್ತಾ ಇದ್ನಾ, ಅದ್ರ ಮೇಲೂ ಅದೇ ನಂಬರ್. ಅಮ್ಮ ಎಸೆದಿದೀನಿ ಅಂದಿದ್ಲು ಮೊರಾಗ್. ನನ್ನನ್ನ ಚಿಕ್ಕಮ್ಮನ ಮನೆಗೆ ಕಳಿಸೋ ದಿನ ಗಾಡಿ ಹತ್ರ ಬಂದು ಹೇಳಿದ್ಲು. ಅದನ್ನ ಸಮುದ್ರಕ್ಕೆ ಹಾಕಿದೀನಿ, ಇನ್ನು ಅದು ಯಾರನ್ನೂ ಮುಟ್ಟಲ್ಲ, ನೀನು ನಿದ್ದೆ ಮಾಡು ಅಂತ. ಆಮೇಲೆ ಅವ್ಳು ನನ್ನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ. ಅವ್ಳು ನಂಗೆ ಕೊಟ್ಟಿದ್ದು ಅದೊಂದೇ ಮಾತು. ಅದೂ ಸುಳ್ಳಾಗಿದ್ರೆ?”

“ಫಿನ್ಲೆನ ಕೇಳ್ಬಹುದಿತ್ತಲ್ಲ.”

“ಯಾಕೆ ಅಂತ ಕೇಳ್ತಿದ್ದ. ನೀಲ್ ಹೆಸರು ನಾನು ಬಾಯಿಬಿಟ್ಟು ಹೇಳಿ ನಲವತ್ತೆಂಟು ವರ್ಷ ಆಯ್ತು.”

ಕ್ರಮದ ಪ್ರಕಾರ ಮೊದಲು ಹಕ್ಕುಗಳನ್ನು ಓದಿ ಹೇಳಬೇಕು. ಮೊರಾಗ್ ಕ್ರಮ ತಪ್ಪಿದಳು. ಭೂತಗನ್ನಡಿಯನ್ನು ಹಿಡಿಕೆಯ ಬುಡಕ್ಕೆ ಹಿಡಿದು ತೋರಿಸಿದಳು.

“ಇಲ್ಲಿ ನೋಡಿ, ಉಜ್ಜಿರೋ ಗುರುತು. ಕೆಳಗಡೆ ಹಳೇ ನಂಬರಿನ ಬಾಲ ಕಾಣುತ್ತೆ. ಫಿನ್ಲೆ ಹೋದ ಚಳಿಗಾಲದಲ್ಲಿ ಬೇರೆ ಬೋಲ್ಟ್ ತರಿಸಿ ಈ ನಂಬರ್ ಒತ್ತಿದ್ದು. ಸಹಿ ಹಾಕಿ ಹೇಳಿಕೆ ಕೊಟ್ಟಿದಾನೆ. ನಿಮ್ಮ ಬೋಲ್ಟನ್ನ ನಿಮ್ಮಮ್ಮ ಆಚೆ ಬಂಡೆ ದಾಟಿ ನೀರಿಗೆ ಹಾಕಿದ್ರು. ದೋಣಿ ನಡೆಸ್ದೋರು ಡೂಗಲ್ ತಾತ. ಕಣ್ಣಾರೆ ನೋಡಿದಾರೆ.”

“ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು. ಹೆಕ್ಟರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಓಕ್ವಾನ್ ಒಲೆಯ ಹತ್ತಿರ ಹೋಗಿ, ಯಾರೂ ಕೇಳದಿದ್ದರೂ, ಚಹಾಕ್ಕೆ ನೀರಿಟ್ಟ.

೧೨.೪೦ಕ್ಕೆ ಬೋಲ್ಟನ್ನು ಮಹಜರು ಮಾಡಿ ವಶಕ್ಕೆ ಪಡೆಯಲಾಯಿತು. ಹಕ್ಕುಗಳನ್ನು ಓದಿ ಹೇಳಿ, ಕಳವಿನ ಆರೋಪದ ಮೇಲೆ ಹೆಕ್ಟರ್ ಮೆಕ್‌ಈಕರ್ನ್‌ನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡು, ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸು ಕೊಟ್ಟು ೩.೩೦ಕ್ಕೆ ಮನೆಗೆ ಬಿಡಲಾಯಿತು. ಗಾಡಿ ಇಳಿಯುವಾಗ ಅವನು ಕೆಂಪು ಬಾವುಟವನ್ನು ಮಡಚಿ ಮೊರಾಗ್‌ನ ಕೈಗಿತ್ತ. ವರದಿಯಲ್ಲಿ ‘ಉದ್ದೇಶ’ ಎಂಬ ಅಂಕಣವಿತ್ತು. ಅಲ್ಲಿ ಅವಳು, “ಸತ್ತ ತಾಯಿ ಸುಳ್ಳು ಹೇಳಿದ್ದಳೋ ಇಲ್ಲವೋ ಎಂದು ತಿಳಿಯಲು,” ಎಂದು ಬರೆದಳು. ಮೇಲಿನ ಕಚೇರಿಯವರು ಫೋನ್ ಮಾಡಿ, ಇದು ಉದ್ದೇಶವಲ್ಲ, ಬೇರೆ ಬರೆಯಿರಿ ಎಂದರು. ಅವಳು ಬರೆಯಲಿಲ್ಲ.

ನವೆಂಬರ್ ೭, ಶನಿವಾರ. ಫೋಟೋ ತೆಗೆದು, ಸರ್ಕಾರಿ ವಕೀಲರ ಒಪ್ಪಿಗೆ ಪಡೆದು, ಬೋಲ್ಟನ್ನು ಹಿಂದಿನ ದಿನವೇ ಲಾಕ್ಲನ್‌ಗೆ ಮರಳಿಸಿದ್ದರು. ಹೆಕ್ಟರನ ಜಾಗದಲ್ಲಿ ನಿಲ್ಲಲು ಕ್ಲಬ್ಬಿನಲ್ಲಿ ಯಾರೂ ಒಪ್ಪಲಿಲ್ಲ. ಆ ತರಬೇತಿಯ ಚೀಟಿ ಇದ್ದ ಇನ್ನೊಬ್ಬಳು ಮೊರಾಗ್. ಹಾಗಾಗಿ ಬಾವುಟ ಹಿಡಿದು ಅವಳೇ ನಿಂತಳು.

ಡೂಗಲ್ ಗಾಲಿಕುರ್ಚಿಯಲ್ಲಿ ಬಂದ. ಕಂಬಳಿ ಹೊದ್ದಿದ್ದ, ಎದೆಯ ಮೇಲೆ ಪದಕಗಳಿದ್ದವು. ಲಾಕ್ಲನ್ ಬಂದೂಕನ್ನು ಅವನ ತೊಡೆಯ ಮೇಲಿಟ್ಟು ಜೇಬಿನಿಂದ ಬೋಲ್ಟ್ ತೆಗೆದ. ಮುದುಕ ನಳಿಕೆಯನ್ನು ಸವರಿದ, ಹಿಂಬದಿಯನ್ನು ಹೆಗಲಿಗೆ ಒತ್ತಿಕೊಂಡು ಗುರಿ ನೋಡಿದ. ಅರವತ್ತೈದು ವರ್ಷದ ಮೇಲೂ ಮೊಣಕೈ ತನ್ನ ಜಾಗ ಮರೆತಿರಲಿಲ್ಲ.  ಅವನು ಬಂದೂಕನ್ನು ಮೆಲ್ಲಗೆ ಕೆಳಗಿಳಿಸಿದ.

“ಬೋಲ್ಟ್ ಜೇಬಲ್ಲೇ ಇಟ್ಕೋ ಲಾಕಿ.”

“ಅಪ್ಪಾ, ಇದು ಆ ಬೋಲ್ಟ್ ಅಲ್ಲ. ಫಿನ್ಲೆ ತರಿಸಿರೋದು. ನೀನು ಇಷ್ಟು ದಿನದಿಂದ...”

“ಗೊತ್ತು ಕಣೋ. ಬಂದೂಕು ಅದೇ ಅಲ್ವಾ? ಬಾಯಿ ಕಿತ್ತ ದಿನ ದೋಣಿ ನಡೆಸ್ದೋನು ನಾನು. ಅದರ ಬಾಯಿ ತೆರೆಸೋನೂ ನಾನೇ ಆಗ್ಬೇಕಾ?”

ಬೇರೆ ಬಂದೂಕು ಕೊಡುತ್ತೇವೆಂದು ಎಲ್ಲರೂ ಮುಂದೆ ಬಂದರು. ಚಳಿಯಾಗ್ತಿದೆ, ಸಾಕು, ಮೊದಲು ಹೆಕ್ಟರ್ ಮನೆಗೆ ಕರ್ಕೊಂಡು ಹೋಗು ಎಂದ ಡೂಗಲ್. ಹೊರಡುವ ಮುಂಚೆ ಲಾಕ್ಲನ್ ಬಂದೂಕನ್ನು ತನ್ನ ಬೆಂಚಿನ ಮೇಲೆ, ಉಳಿದವುಗಳ ಸಾಲಿನಲ್ಲೇ ಮಲಗಿಸಿದ. ಬೋಲ್ಟ್ ಅವನ ಜೇಬಿನಲ್ಲೇ ಉಳಿಯಿತು.

ಕೊಂಬು ಮೊಳಗಿತು. ಉಳಿದ ಏಳು ಜನ ತಮ್ಮ ಬೋಲ್ಟ್ ಬಿಚ್ಚಿ ಹಳದಿ ಬಟ್ಟೆಯ ಮೇಲಿಟ್ಟರು. ಮೊರಾಗ್ ಎರಡು ಸಲ ಎಣಿಸಿದಳು. ಬಂದೂಕು ೮, ಬೋಲ್ಟ್ ೭ ಎಂದು ಪುಸ್ತಕದಲ್ಲಿ ಬರೆದಳು. ಪಕ್ಕದಲ್ಲಿ “ಸರಿಯಿದೆ” ಎಂದು ಸೇರಿಸಿ, ಸಹಿ ಹಾಕಿದಳು.